ಕ್ರಿಟಾದಲ್ಲಿ ನೇರ ಗೆರೆ: ಕೆಲವು ವರ್ಷ ಬಳಸಿದ ಮೇಲೆ ನನ್ನ ವಿಮರ್ಶೆ

ನಾನು ಜಾಸ್ತಿ ಬಿಡಿಸೋದು ಹಳೇ ಮನೆಗಳು. ಹಂಚಿನ ಮಾಡು, ಜಗಲಿ, ಮರದ ಕಂಬ, ಮಾಡಿನ ಕೆಳಗಿನ ಪಕ್ಕಾಸು, ರೀಪು. ಎಲ್ಲಾ ಕಡೆ ನೇರ ಗೆರೆಯೇ. ಆದರೆ ಬರೀ ನೇರ ಇದ್ದರೆ ಸಾಲದು, ಬ್ರಷ್‌ನಲ್ಲಿ ಎಳೆದ ಗೆರೆ ಅಂತ ಕಾಣಬೇಕು. ಶುರುವಿನಲ್ಲಿ ತೆಳ್ಳಗೆ, ನಡುವೆ ದಪ್ಪ, ತುದಿಗೆ ಬರ್ತಾ ಮತ್ತೆ ತೆಳ್ಳಗೆ. ಇಲ್ಲದಿದ್ದರೆ ಮನೆಯ ಚಿತ್ರ ಹೋಗಿ ಇಂಜಿನಿಯರ್ ಹಾಕಿದ ಪ್ಲಾನ್ ಆಗಿಬಿಡುತ್ತದೆ. ಈ ಎರಡೂ ಒಟ್ಟಿಗೆ ಸಿಗುತ್ತೆ ಅನ್ನೋ ಕಾರಣಕ್ಕೇ ನಾನು ಕ್ರಿಟಾ ಅನ್ನೋ ಈ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಬಿಟ್ಟಿಲ್ಲ.

ಮೊದಲು ಸುಲಭದ್ದು. ಬ್ರಷ್ ಟೂಲ್‌ನಲ್ಲಿ ಇದ್ದುಕೊಂಡೇ ಕೀಬೋರ್ಡ್‌ನ 'ವಿ' ಒತ್ತಿ ಹಿಡಿದು ಎಳೆದರೆ ನೇರ ಗೆರೆ ಬರುತ್ತದೆ. ಫೋಟೋಶಾಪ್ ಅಥವಾ ಗಿಂಪ್‌ನಿಂದ ಬಂದವರ ಕೈ ಸೀದಾ ಶಿಫ್ಟ್‌ಗೆ ಹೋಗುತ್ತದೆ, ಯಾಕಂದ್ರೆ ಅಲ್ಲಿ ಒಂದು ಕಡೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಇನ್ನೊಂದು ಕಡೆ ಕ್ಲಿಕ್ ಮಾಡಿದರೆ ಸಾಕು. ಇಲ್ಲಿ ಶಿಫ್ಟ್ ಹಿಡಿದು ಎಳೆದರೆ ಬ್ರಷ್ ಸೈಜ್ ಬದಲಾಗುತ್ತದೆ. ಒಂದೆರಡು ದಿನ ಕಿರಿಕಿರಿ, ಆಮೇಲೆ ಕೈಗೆ ರೂಢಿಯಾಗುತ್ತದೆ.

ನಿಜವಾದ ಮಜಾ ಇರೋದು ಲೈನ್ ಟೂಲ್‌ನ ಆಯ್ಕೆಗಳಲ್ಲಿ. ಅಲ್ಲಿ 'ಯೂಸ್ ಸೆನ್ಸರ್ಸ್' ಅಂತ ಒಂದು ಟಿಕ್ ಇದೆ. ತುಂಬಾ ಜನ ಅದನ್ನು ನೋಡಿಯೇ ಇರಲ್ಲ. ಟಿಕ್ ತೆಗೆದರೆ ಗೆರೆ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ. ಟಿಕ್ ಹಾಕಿದರೆ ಡ್ರಾಯಿಂಗ್ ಟ್ಯಾಬ್ಲೆಟ್‌ನ ಪೆನ್ನಿನ ಒತ್ತಡವೂ ಗೆರೆಯೊಳಗೆ ಸೇರುತ್ತದೆ. ಆದರೆ ಶುರು ಮತ್ತು ಕೊನೆಯ ಬಿಂದು ಮುಟ್ಟಿಸಿ ಪೆನ್ ಎತ್ತಿಬಿಟ್ಟರೆ ಆಗಲ್ಲ. ಗೆರೆ ಹೋಗುವ ದಾರಿಯಲ್ಲೇ ಪೆನ್ ಎಳೆಯಬೇಕು, ಎಲ್ಲಿ ದಪ್ಪ ಬೇಕೋ ಅಲ್ಲಿ ಒತ್ತಬೇಕು. ಕೈ ಸ್ವಲ್ಪ ನಡುಗಿದರೂ ಗೆರೆ ನೇರವಾಗಿಯೇ ಇರುತ್ತದೆ, ಒತ್ತಡ ಮಾತ್ರ ನಿಮ್ಮದು. ಒತ್ತಿದ್ದು ಜಾಸ್ತಿ ಆಯ್ತು ಅನ್ನಿಸಿದರೆ ಪೆನ್ ಎತ್ತಬೇಡಿ. ಹಾಗೇ ಹಿಂದಕ್ಕೆ ತಂದು ಗೆರೆಯನ್ನು ಗಿಡ್ಡ ಮಾಡಿ, ಅಲ್ಲಿಂದ ಮತ್ತೆ ಮುಂದಕ್ಕೆ ಎಳೆಯಿರಿ. ಆ ಭಾಗ ಹೊಸದಾಗಿ ಬರುತ್ತದೆ. ಒಂದು ಕಂಬದ ಅಂಚನ್ನು ಹೀಗೆ ಎಳೆದು ನೋಡಿ, ಮತ್ತೆ ಆ ಟಿಕ್ ತೆಗೆಯೋ ಮನಸ್ಸಾಗಲ್ಲ. ಗೆರೆ ಮುಗಿಸುವ ಮೊದಲು ಆಲ್ಟ್ ಒತ್ತಿದರೆ ಇಡೀ ಗೆರೆಯನ್ನೇ ಸರಿಸಬಹುದು, ಶಿಫ್ಟ್ ಒತ್ತಿದರೆ ಅಡ್ಡ, ಲಂಬ ಸರಿಯಾಗಿ ಕೂರುತ್ತದೆ.

ಇನ್ನು ಅಸಿಸ್ಟೆಂಟ್‌ಗಳು. ಕ್ಯಾನ್ವಾಸ್ ಮೇಲೆ ಒಂದು ಸ್ಕೇಲ್ ಇಟ್ಟ ಹಾಗೆ ಅಂದುಕೊಳ್ಳಿ. ಬ್ರಷ್ ಟೂಲ್‌ನಲ್ಲಿ 'ಸ್ನ್ಯಾಪ್ ಟು ಅಸಿಸ್ಟೆಂಟ್ಸ್' ಆನ್ ಮಾಡಿದರೆ ಬ್ರಷ್ ಅದಕ್ಕೆ ಅಂಟಿಕೊಂಡೇ ಓಡುತ್ತದೆ, ಬ್ರಷ್‌ನ ಗುಣ ಒಂದಿಷ್ಟೂ ಕೆಡಲ್ಲ. ಸಾಲು ಸಾಲಾಗಿ ಪಕ್ಕಾಸು ಎಳೆಯೋಕೆ ಪ್ಯಾರಲಲ್ ರೂಲರ್ ಒಂದನ್ನು ಓರೆಯಾಗಿ ಇಟ್ಟರೆ ಸಾಕು, ಎಲ್ಲಿ ಎಳೆದರೂ ಅದೇ ಓರೆ. ಉದ್ದನೆಯ ಜಗಲಿ ಒಳಗೆ ಹೋಗ್ತಾ ಕಿರಿದಾಗೋದು ತೋರಿಸಬೇಕಾ, ವ್ಯಾನಿಶಿಂಗ್ ಪಾಯಿಂಟ್ ಇಡಿ, ಗೆರೆಗಳೆಲ್ಲ ಆ ಒಂದು ಬಿಂದುವಿನ ಕಡೆಗೇ ಹೋಗುತ್ತವೆ. ನಾನು ಹೆಚ್ಚಾಗಿ 'ಮ್ಯಾಗ್ನೆಟಿಸಂ', ಅಂದ್ರೆ ಬ್ರಷ್ ಎಷ್ಟು ಗಟ್ಟಿಯಾಗಿ ಅಂಟಬೇಕು ಅನ್ನೋದನ್ನು, ಸ್ವಲ್ಪ ಇಳಿಸಿ ಬಳಸುತ್ತೇನೆ. ಆಗ ಗೆರೆ ಸ್ಕೇಲ್ ಬಿಟ್ಟು ಒಂಚೂರು ಆಚೀಚೆ ಹೋಗುತ್ತದೆ. ಹಳೇ ಮನೆಯ ಮರ ಎಲ್ಲಿ ಅಷ್ಟು ನೆಟ್ಟಗಿರುತ್ತೆ, ಅಲ್ವಾ? ಮೂರು ನಾಲ್ಕು ಅಸಿಸ್ಟೆಂಟ್ ಇದ್ದಾಗ 'ಸ್ನ್ಯಾಪ್ ಸಿಂಗಲ್' ಹಾಕಿಕೊಳ್ಳಿ, ಬ್ರಷ್ ಒಂದನ್ನೇ ಹಿಡಿದು ಹೋಗುತ್ತದೆ. ಚಿತ್ರ ಎಕ್ಸ್‌ಪೋರ್ಟ್ ಮಾಡಿದಾಗ ಇವು ಯಾವುವೂ ಅದರಲ್ಲಿ ಬರಲ್ಲ.

ಸ್ಟೆಬಿಲೈಸರ್ ಹಾಕಿದರೆ ನೇರ ಗೆರೆ ಬರುತ್ತೆ ಅಂತ ಹೇಳೋರು ತುಂಬಾ ಜನ ಇದ್ದಾರೆ. ನಾನು ಒಪ್ಪಲ್ಲ. ಅದು ಕೈ ನಡುಕ ಕಡಿಮೆ ಮಾಡುತ್ತದೆ, ಬಳ್ಳಿ, ಸೆರಗು, ಕೂದಲಿಗೆ ಚೆನ್ನ. ನೀವು ಎಳೆದದ್ದು ಬಾಗಿದ್ದರೆ ಬಾಗಿದ್ದೇ ನುಣ್ಣಗಾಗಿ ಬರುತ್ತದೆ, ಅಷ್ಟೇ. ಕೈಯಿಂದಲೇ ನೇರ ಎಳೆಯಬೇಕು ಅನ್ನೋರು ಮಣಿಕಟ್ಟು ಬಿಟ್ಟು ಮೊಣಕೈಯಿಂದ, ತೋಳಿಂದ ಎಳೆಯೋದು ಕಲಿಯಲಿ. ಜೊತೆಗೆ ಕ್ಯಾನ್ವಾಸ್ ತಿರುಗಿಸಿಕೊಳ್ಳಿ. 4 ಮತ್ತು 6 ಒತ್ತಿದರೆ ತಿರುಗುತ್ತದೆ, 5 ಒತ್ತಿದರೆ ಮೊದಲಿನಂತೆ. ಎಲ್ಲರ ಕೈಗೂ ಒಂದು ಸಲೀಸಾದ ದಿಕ್ಕು ಇರುತ್ತದೆ, ಗೆರೆಯನ್ನು ಆ ದಿಕ್ಕಿಗೆ ತಂದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕೆಲವು ಡ್ರಾಯಿಂಗ್ ಟ್ಯಾಬ್ಲೆಟ್‌ಗಳಲ್ಲಿ ನಿಧಾನವಾಗಿ ಓರೆ ಗೆರೆ ಎಳೆದರೆ ಅಲೆ ಅಲೆಯಾಗಿ ಬರುತ್ತದೆ. ನನ್ನ ಹಳೇದರಲ್ಲೂ ಇತ್ತು. ಅದು ಪೆನ್ ಎಲ್ಲಿದೆ ಅಂತ ಟ್ಯಾಬ್ಲೆಟ್ ಓದುವ ರೀತಿಯ ತೊಂದರೆ, ಬ್ರಷ್ ಬದಲಿಸಿದರೆ ಹೋಗಲ್ಲ. ಸ್ವಲ್ಪ ವೇಗವಾಗಿ ಎಳೆಯಿರಿ, ಇಲ್ಲ ಲೈನ್ ಟೂಲ್ ಹಿಡಿಯಿರಿ.

ದುಡ್ಡಿನ ವಿಷಯ: ಕ್ರಿಟಾದ ವೆಬ್‌ಸೈಟ್‌ನಲ್ಲಿ ಪೂರ್ತಿ ಉಚಿತ. ಸ್ಟೀಮ್, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ತಗೊಂಡರೆ ಅದನ್ನು ಬೆಳೆಸುವವರಿಗೆ ಸಹಾಯ, ಕೊಡಲು ಆಗುವವರು ದಯವಿಟ್ಟು ಕೊಡಿ. ಆಂಡ್ರಾಯ್ಡ್ ಟ್ಯಾಬ್‌ನಲ್ಲೂ ಸಿಗುತ್ತದೆ, ಆದರೆ ಕೀಬೋರ್ಡ್ ಇಲ್ಲದಿದ್ದರೆ 'ವಿ' ಒತ್ತೋಕಾಗಲ್ಲ, ಪ್ರತಿ ಸಲ ಟೂಲ್‌ಬಾಕ್ಸ್‌ಗೆ ಹೋಗಿ ಲೈನ್ ಟೂಲ್ ಆರಿಸಬೇಕು. ಹಾಗಾಗಿ ಟ್ಯಾಬ್‌ನಲ್ಲಿ ಕೆಲಸ ಮಾಡೋರು ಒಂದು ಸಣ್ಣ ಬ್ಲೂಟೂತ್ ಕೀಬೋರ್ಡ್ ಪಕ್ಕದಲ್ಲಿ ಇಟ್ಟುಕೊಳ್ಳಿ.