ಮಕ್ಕಳಿಗೆ ತೋಡು ತೋರಿಸುವ ಒಂದು ದಿನ: ದುಡ್ಡಿಗೆ ಮೋಸವಿಲ್ಲ, ಆದರೆ ಅರ್ಧ ಪಾಠ

ಕೊಡಗಿನ ಮೂರ್ನಾಡು ಕಡೆಯ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ನಾಪೋಕ್ಲು ಕಡೆ ಒಬ್ಬ ಗಂಡ ಹೆಂಡತಿ ಶಾಲೆ ಮಕ್ಕಳಿಗಾಗಿ ಒಂದು ದಿನದ ಕಾರ್ಯಕ್ರಮ ನಡೆಸುತ್ತಾರೆ. ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ ಇಳಿಸಿ, ನೀರು ಚೆನ್ನಾಗಿದೆಯೋ ಇಲ್ಲವೋ ಅಂತ ಮಕ್ಕಳ ಕೈಯಲ್ಲೇ ನೋಡಿಸುವುದು. ಬೋರ್ಡು ಗೀರ್ಡು ಏನೂ ಇಲ್ಲ, ಬಾಯಿಂದ ಬಾಯಿಗೆ ಹೋದ ಸುದ್ದಿ. ಕಳೆದ ಡಿಸೆಂಬರಿನಲ್ಲಿ, ಪುತ್ತರಿ ಸುಗ್ಗಿ ಹಬ್ಬದ ಗಲಾಟೆ ಎಲ್ಲ ಮುಗಿದ ಮೇಲೆ, ಎಂಟನೇ ಕ್ಲಾಸಿನ 32 ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೇರೆ ಶಾಲೆಯವರು ಹೇಗಿತ್ತು ಅಂತ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ಮಗುವಿಗೆ 250 ರೂಪಾಯಿ, ಊಟ ಸೇರಿ. ಟೀಚರಿಗೆ ಫ್ರೀ. ಬಸ್ಸಿನ ಖರ್ಚು ನಮ್ಮದು.

ಶುರು ಮಾಡಿದ್ದು ಅವರ ಮನೆ ಅಂಗಳದಲ್ಲಿ. ಪ್ರತಿ ಮಗುವಿಗೂ ಒಂದು ಬಿಳಿ ಹಾಳೆ. ಅದನ್ನು ಚೆನ್ನಾಗಿ ಮುದುಡಿ, ಅರ್ಧ ಬಿಡಿಸಿ ನೆಲದ ಮೇಲಿಡಬೇಕು. ಎತ್ತರ ನಿಂತ ಅಂಚುಗಳಿಗೆಲ್ಲ ಸ್ಕೆಚ್ ಪೆನ್ನಿನಲ್ಲಿ ಗೆರೆ. ಆಮೇಲೆ ಮೇಲಿಂದ ನೀರು ಸ್ಪ್ರೇ ಮಾಡುವುದು. ಬಣ್ಣ ಕರಗಿ ಸಣ್ಣ ಸಣ್ಣ ದಾರಿಯಲ್ಲಿ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ನಾಲ್ಕು ಕಾಸಿನ ಖರ್ಚಿಲ್ಲ, ಪಾಠ ಮಾತ್ರ ಒಳ್ಳೆಯದು. ಬೆಟ್ಟದ ಈ ಕಡೆ ಬಿದ್ದ ಮಳೆ ಕಾವೇರಿಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ಕಡೆ ಬಿದ್ದದ್ದು ಬರಪೊಳೆ ಹಿಡಿದು ಕೇರಳಕ್ಕೆ, ಇಲ್ಲಾ ಕುಮಾರಧಾರೆ ಹಿಡಿದು ಮಂಗಳೂರಿನ ಕಡೆಗೆ. ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದ ವಿಷಯವೇ. ಆದರೆ ಬಣ್ಣ ಎರಡು ಕಡೆಗೆ ಹರಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಪುನಃ ಹೇಳುವ ಅಗತ್ಯವೇ ಬೀಳಲಿಲ್ಲ. ಮಳೆಗಾಲದಲ್ಲಿ ಬೊಳಿಬಾಣೆಯಲ್ಲಿ ರಸ್ತೆಗೆ ನೀರು ಬಂದು ಬಸ್ಸು ನಿಲ್ಲುವುದು ಯಾಕೆ ಅಂತ ಒಬ್ಬ ಹುಡುಗ ತಾನೇ ಹೇಳಿದ. 2018ರಲ್ಲಿ ಮಕ್ಕಂದೂರು ಕಡೆ ಗುಡ್ಡ ಜರಿದದ್ದು ಹೇಗೆ ಅಂತ ಇನ್ನೊಬ್ಬಳು ಕೇಳಿದಳು. ವಿಪರೀತ ಮಳೆ ಒಂದು ಕಡೆ, ರಸ್ತೆಗೂ ಮನೆಗೂ ಅಂತ ಇಳಿಜಾರು ಕಡಿದದ್ದು ಇನ್ನೊಂದು ಕಡೆ ಅಂತ ನಡೆಸುವವರು ನೇರವಾಗಿ ಹೇಳಿದರು. ಸುತ್ತಿ ಬಳಸಲಿಲ್ಲ. ಆ ಉತ್ತರ ನನಗೆ ಹಿಡಿಸಿತು.

ಆಮೇಲೆ ತೋಡು. ದೇವರಕಾಡಿನ ಅಂಚಿನಲ್ಲೇ ಹರಿಯುತ್ತದೆ, ಮೊಣಕಾಲಿಗಿಂತ ಆಳವಿಲ್ಲ. ಐದೈದು ಮಕ್ಕಳಿಗೆ ಒಂದು ಬಿಳಿ ಟ್ರೇ, ಒಂದು ಚಹಾ ಸೋಸುವ ಜರಡಿ, ಪೇಂಟಿಂಗ್ ಬ್ರಷ್, ಭೂತಗನ್ನಡಿ. ಕಲ್ಲು ಎತ್ತಿ ಅಡಿಭಾಗ ನೋಡಬೇಕು, ಇದ್ದದ್ದನ್ನು ಬ್ರಷ್‌ನಿಂದ ಟ್ರೇಗೆ ಇಳಿಸಬೇಕು. ಕಲ್ಲನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ ವಾಪಸ್ ಇಡಬೇಕು. ಈ ಕೊನೇ ವಿಷಯದಲ್ಲಿ ಕಾರ್ಯಕ್ರಮ ನಡೆಸುವ ಅಕ್ಕ ತುಂಬಾ ಸ್ಟ್ರಿಕ್ಟ್. ಒಬ್ಬ ಕಲ್ಲನ್ನು ದಡಕ್ಕೆ ಎಸೆದದ್ದಕ್ಕೆ ಅವನನ್ನೇ ಕಳಿಸಿ ತರಿಸಿದರು.

ಒಂದು ಕಲ್ಲಿನ ಅಡಿಯಲ್ಲಿ ಮರಳಿನ ಹರಳುಗಳು ಅಂಟಿಕೊಂಡ ಚಿಕ್ಕ ಕೊಳವೆ ಸಿಕ್ಕಿತು. ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ. "ಕಸ ಟೀಚರ್" ಅಂತ ಹುಡುಗಿ ಕೊಡವಲು ಹೋದಳು. ಟ್ರೇನಲ್ಲಿ ಸುಮ್ನೆ ಇಟ್ಟು ನೋಡಿ ಅಂದರು. ಸ್ವಲ್ಪ ಹೊತ್ತಾದ ಮೇಲೆ ಕೊಳವೆಯ ತುದಿಯಿಂದ ಕಪ್ಪು ತಲೆ ಹೊರಗೆ ಬಂತು, ಆಮೇಲೆ ಕಾಲು. ಮನೆ ಸಮೇತ ನಡೆಯಲು ಶುರು ಮಾಡಿತು. ಕ್ಯಾಡಿಸ್ ಹುಳು ಅದು, ಮರಳು ಹೆಕ್ಕಿ ತನ್ನ ರೇಷ್ಮೆಯಲ್ಲೇ ಅಂಟಿಸಿಕೊಳ್ಳುತ್ತದೆ. ಪಕ್ಕದ ಟ್ರೇನಲ್ಲಿ ಮೇಫ್ಲೈ ಅನ್ನುವ ಕೀಟದ ಮೂರು ಬಾಲದ ಮರಿ. ಹೊಟ್ಟೆಯ ಎರಡೂ ಬದಿಯ ಕಿವಿರುಗಳು ಪಟಪಟ ಆಡುವುದು ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಇಂಥವು ಕೊಳಕು ನೀರಿನಲ್ಲಿ ಬದುಕುವುದು ಕಷ್ಟ, ಇವು ಬೇಕಾದಷ್ಟಿದ್ದರೆ ತೋಡು ಆರೋಗ್ಯವಾಗಿದೆ ಅಂತ ಅರ್ಥ. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗ ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲ. ಏಡಿ ಯಾವ ಬಿಲದಲ್ಲಿದೆ, ಯಾವುದು ಖಾಲಿ ಅಂತ ಅವನಿಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿತ್ತು. ನಡೆಸುವವರು ಅದನ್ನು ಗಮನಿಸಿ, ಅರ್ಧ ಗಂಟೆ ಅವನ ಕೈಗೇ ಬಿಟ್ಟುಬಿಟ್ಟರು. ಇದಕ್ಕೆ ಪೂರ್ತಿ ಮಾರ್ಕು.

ಕೆಮಿಕಲ್ ಕಿಟ್‌ಗೆ ಅಷ್ಟು ಮಾರ್ಕು ಕೊಡಲಾರೆ. ನೀರಿನಲ್ಲಿ ಕರಗಿದ ಆಮ್ಲಜನಕ ನೋಡಲು ಹನಿ ಹಾಕಿ ಬಣ್ಣ ಬದಲಾಯಿಸುವ ಪರೀಕ್ಷೆ ಮಾಡಿದರು. ಕಂದು, ಹಳದಿ, ನೀಲಿ, ಕೊನೆಗೆ ಬಣ್ಣವೇ ಮಾಯ. ಲೀಟರಿಗೆ 8 ಮಿಲಿಗ್ರಾಂ ಬಂತು. 5ಕ್ಕಿಂತ ಕೆಳಗೆ ಇಳಿದರೆ ಮೀನಿಗೆ ಉಸಿರಾಟ ಕಷ್ಟ, ಹಾಗಾಗಿ ಇದು ಒಳ್ಳೇ ನೀರೇ. ಆದರೆ ಮಾಡಿದ್ದೆಲ್ಲ ಅವರೇ, ಮಕ್ಕಳು ಸುತ್ತ ನಿಂತು ನೋಡಿದ್ದು ಅಷ್ಟೇ. ಹಿಂದೆ ನಿಂತವರಿಗೆ ಏನೂ ಕಾಣಲಿಲ್ಲ. ಕಿಟ್‌ನಲ್ಲಿ ಗಟ್ಟಿ ಆಸಿಡ್ ಇರುವುದರಿಂದ ಮಕ್ಕಳ ಕೈಗೆ ಕೊಡದಿದ್ದದ್ದು ಸರಿ. ಹಾಗಾದರೆ ಹತ್ತತ್ತು ಮಕ್ಕಳನ್ನು ಕೂರಿಸಿ ಮಾಡಿ ತೋರಿಸಬೇಕಿತ್ತು ಅಲ್ವಾ? ಉಳಿದ ಕೆಮಿಕಲ್ಲನ್ನು ತೋಡಿಗೆ ಚೆಲ್ಲದೆ ಕ್ಯಾನಿನಲ್ಲಿ ವಾಪಸ್ ಒಯ್ದರು, ಅದು ಮೆಚ್ಚುವಂಥದ್ದು.

ಇನ್ನು ನನ್ನ ದೊಡ್ಡ ತಕರಾರು. ಊಟಕ್ಕೆ ವಾಪಸ್ ಬರುವಾಗ ತೋಡಿನ ಕೆಳಗಿನ ತಿರುವಿನಲ್ಲಿ ಹುಳಿ ವಾಸನೆ. ಡಿಸೆಂಬರ್ ಅಂದರೆ ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಸಮಯ, ಕೊಡಗಿನಲ್ಲಿ ಹುಟ್ಟಿದವರಿಗೆ ಇದು ಏನು ಅಂತ ಕೇಳಬೇಕಾಗಿಲ್ಲ. ಒಬ್ಬಳು ಕೇಳಿಯೇಬಿಟ್ಟಳು, "ಅಕ್ಕ, ಈ ವಾಸನೆ ಎಲ್ಲಿಂದ?" "ಏನಿಲ್ಲಮ್ಮ, ಬಾ, ಊಟ ತಣ್ಣಗಾಗುತ್ತೆ" ಅಂದುಬಿಟ್ಟರು. ಇಡೀ ದಿನದ ಅತ್ಯಂತ ಒಳ್ಳೇ ಪ್ರಶ್ನೆಗೆ ಇದಾ ಉತ್ತರ?

ನಮ್ಮ ಮನೆಯಲ್ಲೂ ಸಣ್ಣ ತೋಟ ಇದೆ, ಪಲ್ಪರ್ ಇದೆ. ಹಣ್ಣಿನ ಸಿಹಿ, ಬೀಜದ ಮೇಲಿನ ಲೋಳೆ ಎಲ್ಲ ನೀರಿಗೆ ಹೋಗುತ್ತದೆ. ಅದು ಕೊಳೆಯುವಾಗ ನೀರು ಹುಳಿಯಾಗುತ್ತದೆ, ಆಮ್ಲಜನಕವನ್ನೂ ತಿಂದು ಹಾಕುತ್ತದೆ. ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ಶುದ್ಧ ಮಾಡಿಯೇ ಬಿಡಬೇಕು. ಹಾಗೆ ಮಾಡುವವರೂ ಇದ್ದಾರೆ, ರಾತ್ರಿ ಸುಮ್ನೆ ತೋಡಿಗೆ ಬಿಡುವವರೂ ಇದ್ದಾರೆ. ಮಕ್ಕಳಿಗೆ ಇದನ್ನು ಹೇಳಿದರೆ ಯಾರ ಮಾನವೂ ಹೋಗುವುದಿಲ್ಲ. ಊಟ ಆದ ಮೇಲೆ ಆ ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದೆ. "ತೋಟದವರು ದಾರಿ ಬಿಟ್ಟರೆ ತಾನೇ ಟೀಚರ್ ನಾವು ತೋಡಿಗೆ ಇಳಿಯೋದು" ಅಂದರು. ಅವರ ಕಷ್ಟ ಅರ್ಥವಾಗುತ್ತದೆ. ಒಪ್ಪಲು ಮಾತ್ರ ಆಗುವುದಿಲ್ಲ. ತೋಟದ ಕೆಳಗೆ ಬೇಡ, ಪೇಟೆಯ ಚರಂಡಿ ಸೇರುವ ಕಡೆ ನೋಡಿದರೂ ಸಾಕಿತ್ತು. ಒಳ್ಳೇ ತೋಡನ್ನು ಮಾತ್ರ ತೋರಿಸಿದರೆ, ಕೆಟ್ಟದ್ದು ಹೇಗಿರುತ್ತದೆ ಅಂತ ಮಕ್ಕಳಿಗೆ ಗೊತ್ತಾಗುವುದು ಹೇಗೆ?

ಆಮೇಲಿನ ವಾರ ನಮ್ಮ ಪೇಟೆ ಕೆಳಗಿನ ತೋಡಿಗೆ ನಾನೇ ಕರೆದೊಯ್ದೆ, ಅಡುಗೆ ಮನೆಯ ಜರಡಿ, ಐಸ್‌ಕ್ರೀಂ ಡಬ್ಬಿ ಹಿಡಿದು. ಮೇಫ್ಲೈ ಒಂದೂ ಇಲ್ಲ. ಕೆಸರಿನಲ್ಲಿ ಕೆಂಪು ಹುಳುಗಳು ಮಾತ್ರ. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇದೆ, ಅದಕ್ಕೇ ಆಮ್ಲಜನಕ ಕಮ್ಮಿ ಇದ್ದರೂ ಬದುಕುತ್ತವೆ. ಎರಡು ಜಾಗವನ್ನೂ ನೋಡಿದ ಮಕ್ಕಳಿಗೆ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಆ ದಿನ ಹೊರಡುವಾಗ ಅವರು ನೀರು ಪರೀಕ್ಷಿಸುವ ಒಂದು ಪುಟ್ಟ ಬಾಟಲಿ ಕೊಟ್ಟಿದ್ದರು. ದೇವರಕಾಡಿನ ತೋಡಿನ ನೀರು ತುಂಬಿ ಇಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ಕಪ್ಪಾಗುತ್ತದೆ. ನಮ್ಮ ಚಳಿಗೆ ಅದನ್ನು ಬೆಚ್ಚಗಿಡಬೇಕು ಅಂತ ಅವರು ಹೇಳಿರಲಿಲ್ಲ, ನಾನು ಲ್ಯಾಬಿನ ಬಲ್ಬಿನ ಕೆಳಗೆ ಇಟ್ಟೆ. ಮಾರನೇ ದಿನ ಸಂಜೆಗೆ ಕರ್ರಗೆ. ಅಷ್ಟು ತಿಳಿಯಾದ ನೀರು! ದನ, ಕಾಡುಪ್ರಾಣಿ ಎಲ್ಲ ಓಡಾಡುವ ಜಾಗ ತಾನೇ. ಹುಳುಗಳಿಗೆ ಒಳ್ಳೆಯದಾದ ನೀರನ್ನೂ ಕುದಿಸಿಯೇ ಕುಡಿಯಬೇಕು ಅಂತ ಮಕ್ಕಳು ಮನೆಗೆ ಹೋಗಿ ಹೇಳಿದ್ದಾರೆ.

ಊಟ ಚೆನ್ನಾಗಿತ್ತು. ಬಾಳೆ ಎಲೆಯಲ್ಲಿ ಕಡಂಬಿಟ್ಟು, ಕುಂಬಳಕಾಯಿ ಕರಿ, ಅನ್ನ, ಸಾರು. ಟಾಯ್ಲೆಟ್ ಒಂದೇ, ಹೆಣ್ಣುಮಕ್ಕಳು ಇರುವ ಶಾಲೆಯವರು ಇದನ್ನು ಮೊದಲೇ ಯೋಚಿಸಿ.

ಮಳೆಗಾಲದಲ್ಲಿ ಬೇಡವೇ ಬೇಡ, ತೋಡು ಕೆಂಪಗೆ ಉಕ್ಕಿ ಬರುತ್ತದೆ. ನವೆಂಬರ್ ಕೊನೆಯಿಂದ ಜನವರಿ ಒಳ್ಳೇ ಸಮಯ. ಆಗಲೂ ನೆರಳಿನಲ್ಲಿ ಜಿಗಣೆ ಇರುತ್ತವೆ, ಹೊಗೆಸೊಪ್ಪಿನ ಪುಡಿಯೋ ಸುಣ್ಣವೋ ಇಟ್ಟುಕೊಳ್ಳಿ. ಆನೆ ಓಡಾಡುವ ದಾರಿ, ನಾಲ್ಕು ಗಂಟೆಗೆ ಬಸ್ಸು ಹತ್ತಿಸಿಬಿಡಿ. ಬರುವ ವರ್ಷವೂ ನಾನು ಇವರ ಹತ್ತಿರವೇ ಹೋಗುವವಳು. ಫೋನ್ ಮಾಡುವಾಗಲೇ ಎರಡು ಜಾಗ ತೋರಿಸಿ ಅಂತ ಕೇಳುತ್ತೇನೆ. ನೀವೂ ಕೇಳಿ. ನಾಲ್ಕು ಶಾಲೆಯವರು ಕೇಳಿದರೆ ಅವರೂ ಎಲ್ಲಾದರೂ ಹುಡುಕುತ್ತಾರೆ.