"ಇನ್ನೂ ಗೊತ್ತಾಗ್ಲಿಲ್ಲ" ಅಂತ ನೇರ ಹೇಳುವ ಡಾಕ್ಟ್ರು: ಮಂಗ್ಳೂರಿನ ಒಂದು ಪೆಟ್ ಕ್ಲಿನಿಕ್, ನಾಲ್ಕು ಸ್ಟಾರ್

ಮೊದಲೇ ಹೇಳ್ತೇನೆ, ಐದನೇ ಸ್ಟಾರ್ ಹೋದದ್ದು ರಾತ್ರಿ ಇಲ್ಲಿ ಯಾರೂ ಇರುದಿಲ್ಲ ಅನ್ನುವ ಒಂದೇ ಕಾರಣಕ್ಕೆ. ಉಳಿದದ್ದು ಉದ್ದ ಉಂಟು, ಪುರ್ಸೊತ್ತಲ್ಲಿ ಓದಿ. ನಾಯಿ ಮಲಗಿದಲ್ಲೇ ಇರುವಾಗ ಕೂತು ರಿವ್ಯೂ ಹುಡುಕಿದ್ರೆ "ಸೂಪರ್ ಡಾಕ್ಟರ್", "ಬರೀ ದುಡ್ಡು" ಅಂತ ಒಂದೊಂದು ಸಾಲು ಸಿಗುದು, ಅದ್ರಲ್ಲಿ ಎಂತ ಗೊತ್ತಾಗ್ತದೆ ಮಾರಾಯ್ರೆ?

ನಮ್ಮ ಕಾಳು ಊರ ನಾಯಿ, ಏಳು ವರ್ಷ. ಮನೆ ಮುಲ್ಕಿ ಕಡೆ, ತೋಟ ಗದ್ದೆ ತೋಡು ಎಲ್ಲ ಅವನದ್ದೇ. ಮಳೆ ಹಿಡಿದ ಮೇಲೆ ಊಟ ಬಿಟ್ಟ. ಬಂಗುಡೆ ತಲೆ ಹಾಕಿದ್ರೂ ಮೂಸಿ ನೋಡಿ ಆಚೆ ಹೋದ, ಆಗ್ಲೇ ಅಮ್ಮ ಹೇಳಿದ್ರು ಇದು ಸಾಧಾರಣದ್ದಲ್ಲ ಅಂತ. ಮೊದಲು ತೋರಿಸಿದ್ದು ಬೇರೆ ಕಡೆ, ಹೆಸರು ಬೇಡ. ಜ್ವರ 104 ದಾಟಿತ್ತು, ಕಿವಿಯೊಳಗೆ ಎರಡು ಉಣುಗು ಕಂಡದ್ದೇ "ಟಿಕ್ ಫೀವರ್" ಅಂತ ಎರಡು ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಬ್ಲಡ್ ಟೆಸ್ಟ್ ಮಾಡುದಾ ಕೇಳಿದ್ರೆ "ಈ ಸೀಸನ್‌ನಲ್ಲಿ ಎಲ್ಲ ನಾಯಿಗೂ ಅದೇ". ಯಾವ ಇಂಜೆಕ್ಷನ್ ಅಂತ ಚೀಟಿಯಲ್ಲಿ ಬರ್ದು ಕೊಡಿ ಅಂದದ್ದಕ್ಕೆ "ನೀವು ಡಾಕ್ಟ್ರಾ?" ಅಂತ ಕೇಳಿದ್ರು. ಅಷ್ಟರಲ್ಲಿ ತಂಗಿ ಟೇಬಲ್ ಮೇಲಿದ್ದ ಬಾಟ್ಲಿಗಳ ಫೋಟೋ ಮೊಬೈಲಲ್ಲಿ ಹೊಡೆದಾಗಿತ್ತು.

ಎರಡು ದಿನ ಚುರುಕಾದ, ಬಾಲ ಆಡಿಸಿದ, ನಾವು ಖುಷಿಪಟ್ಟೆವು. ಮತ್ತೆ ಒಮ್ಮೆಲೇ ಬಿದ್ದ. ವಸಡು ಬಿಳಿ, ಮೂತ್ರ ಹಾಲು ಹಾಕದ ಚಾ ಬಣ್ಣ. ಮಳೆಯಲ್ಲೇ ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿ ಹೈವೇ ಹಿಡಿದು ಸೀದಾ ಮಂಗ್ಳೂರು.

ಈ ಕ್ಲಿನಿಕ್ ಹೊರಗಿಂದ ನೋಡಿದ್ರೆ ಎಂತದ್ದೂ ಇಲ್ಲ. ಇಲ್ಲಿಯ ಡಾಕ್ಟ್ರು ಮೇಡಂ ಮೊದಲು ಮಾಡಿದ್ದು ಏನಂದ್ರೆ ವಸಡಿಗೆ ಬೆರಳು ಒತ್ತಿ ಬಿಟ್ಟು ಬಣ್ಣ ವಾಪಸ್ ಬರ್ಲಿಕ್ಕೆ ಎಷ್ಟು ಹೊತ್ತು ಬೇಕು ನೋಡಿದ್ದು, ಆಮೇಲೆ ಕಿವಿಯ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಎಳೆದು ಬಣ್ಣ ಹಾಕಿ ಅಲ್ಲೇ ಮೈಕ್ರೋಸ್ಕೋಪ್‌ನಲ್ಲಿ ಕೂತದ್ದು. ಇನ್ನೊಂದು ಸಪೂರ ಗಾಜಿನ ನಳಿಗೆಯಲ್ಲಿ ರಕ್ತ ತುಂಬಿಸಿ ಮೆಷಿನಲ್ಲಿ ಗಿರಗಿರ ತಿರುಗಿಸಿ ನಮ್ಮ ಕಣ್ಣೆದುರು ಹಿಡಿದ್ರು. ಅಡಿಯಲ್ಲಿ ಕೆಂಪು ಇಷ್ಟೇ ಇಷ್ಟು, ಮೇಲೆ ಇದ್ದ ನೀರು ತಿಳಿ ಇರ್ಬೇಕಾದ್ದು ಕೆಂಪಗಿತ್ತು. ಪಿಸಿವಿ ಅಂತೆ ಇದಕ್ಕೆ, ಅಂದ್ರೆ ರಕ್ತದಲ್ಲಿ ಕೆಂಪು ಕಣ ನೂರಕ್ಕೆ ಎಷ್ಟು ಪಾಲು ಅಂತ, ನಾಯಿಗೆ 37ರಿಂದ 55 ಇರ್ಬೇಕು, ಕಾಳುವಿಗೆ 15. ರಿಪೋರ್ಟ್ ಓದ್ಲಿಕ್ಕೆ ಬಾರದ ಅಮ್ಮನಿಗೂ ಆ ನಳಿಗೆ ನೋಡಿ ಅರ್ಥ ಆಯ್ತು.

ಆಗ ಮೇಡಂ ಹೇಳಿದ ಮಾತಿಗೇ ಈ ರಿವ್ಯೂ ಬರಿತಾ ಇರುದು. "ನೋಡಿ, ರಕ್ತದ ಕೆಂಪು ಕಣ ಒಡೀತಾ ಉಂಟು, ಅದು ಗ್ಯಾರಂಟಿ. ಯಾಕೆ ಅಂತ ಇನ್ನೂ ಗೊತ್ತಾಗ್ಲಿಲ್ಲ. ಮೂರು ಸಂಶಯ ಉಂಟು." ಒಂದು ಬೆಬೀಸಿಯಾ, ಉಣುಗಿನಿಂದ ಬರುದು, ಮಲೇರಿಯಾದ ಹಾಗೆ ಕೆಂಪು ರಕ್ತಕಣದ ಒಳಗೇ ಹೋಗಿ ಕೂರುವ ಜೀವಿ (ಮಂಗ್ಳೂರಿನವರಿಗೆ ಮಲೇರಿಯಾ ಹೇಳಿ ಕೊಡ್ಬೇಕಾ). ಎರಡನೇದು ಇಲಿ ಜ್ವರ, ಗದ್ದೆ ತೋಡು ಅಂತ ತಿರುಗುವ ನಾಯಿಗೆ ಮಳೆಗಾಲದಲ್ಲಿ ಅದನ್ನು ಬಿಡ್ಲಿಕ್ಕೇ ಆಗುದಿಲ್ಲ. ವರ್ಷ ವರ್ಷ ಲಸಿಕೆ ಹಾಕಿಸಿದ್ದೇವೆ ಮೇಡಂ ಅಂದೆ, ಲಸಿಕೆಯಲ್ಲಿ ಆ ರೋಗಾಣುವಿನ ಎಲ್ಲ ತಳಿ ಇರುದಿಲ್ಲ ಅಂದ್ರು. ಮೂರನೇದು ಮೈಯೇ ತನ್ನ ರಕ್ತವನ್ನು ತಾನು ಒಡೆಯುದು. ತಲೆಬಿಸಿ ಎಂತ ಗೊತ್ತುಂಟಾ, ಮೂರನೇದಕ್ಕೆ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸ್ಲಿಕ್ಕೆ ಜಾಸ್ತಿ ಸ್ಟೀರಾಯ್ಡ್ ಬೇಕು, ಮೊದಲಿನ ಎರಡಕ್ಕೆ ಅಷ್ಟು ಸ್ಟೀರಾಯ್ಡ್ ಹೋದ್ರೆ ಸೋಂಕು ಜೋರಾಗುವ ಹೆದರಿಕೆ. ತಂಗಿ ಫೋಟೋ ತೋರಿಸಿದ್ಲು. ಎರಡರಲ್ಲಿ ಒಂದು ಬಾಟ್ಲಿ ಡೆಕ್ಸಾಮೆಥಾಸೋನ್, ಅಂದ್ರೆ ಸ್ಟೀರಾಯ್ಡೇ. ಎರಡು ದಿನದ ಚುರುಕು ಎಲ್ಲಿಂದ ಬಂದದ್ದಿರ್ಬಹುದು, ಬಿಳಿ ರಕ್ತಕಣದ ಲೆಕ್ಕವನ್ನು ಯಾಕೆ ಹಾಗೆಯೇ ನಂಬ್ಲಿಕ್ಕಾಗುದಿಲ್ಲ (ಸ್ಟೀರಾಯ್ಡ್ ಆ ಲೆಕ್ಕವನ್ನೇ ಬದಲಾಯಿಸ್ತದೆ) ಅಂತ ಆಗ ತಿಳಿದದ್ದು. ಆದ್ರಿಂದ ನಾಯಿ ಸಾಕಿದವ್ರು ಇಂಜೆಕ್ಷನ್ ಹೆಸರು ಕೇಳ್ಲೇಬೇಕು, ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ.

ಮೈಕ್ರೋಸ್ಕೋಪ್‌ನಲ್ಲಿ ಏನೂ ಕಾಣ್ಲಿಲ್ಲ. ಬೆಬೀಸಿಯಾದಲ್ಲಿ ಗಿಬ್ಸೋನಿ ಅನ್ನುವ ಜಾತಿ ತೀರಾ ಸಣ್ಣದು, ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಟೆಸ್ಟ್‌ಗೆ ಹೊರಗೆ ಕಳಿಸುವ ಅಂದ್ರು. ರಿಸಲ್ಟ್ ಬರುವ ವರೆಗೆ ಸುಮ್ನೆ ಕೂರ್ಲಿಲ್ಲ, ಉಣುಗಿನ ಬೇರೆ ಜ್ವರಕ್ಕೂ ಇಲಿ ಜ್ವರಕ್ಕೂ ಆಗುವ ಡಾಕ್ಸಿಸೈಕ್ಲಿನ್ ಶುರು ಮಾಡಿದ್ರು. ಮೂತ್ರ ಮುಟ್ಟುವಾಗ ಕೈಗೆ ಗ್ಲೌಸ್ ಹಾಕಿ, ಇಲಿ ಜ್ವರ ಆಗಿದ್ರೆ ನಿಮಗೂ ಬರ್ಬಹುದು ಅಂತ ಮನೆಯವರ ಬಗ್ಗೆಯೂ ಯೋಚನೆ ಮಾಡಿದ್ದು ಇವ್ರೇ.

ಶಿವಮೊಗ್ಗ ವೆಟರ್ನರಿ ಕಾಲೇಜಿಗೆ ಕರ್ಕೊಂಡು ಹೋಗುದಾ ಅಂತ ನಾನೇ ಕೇಳಿದೆ. ಕೇಳಿದ್ದಕ್ಕೆ ಸಿಟ್ಟು ಬರ್ಲಿಲ್ಲ ಅವ್ರಿಗೆ. ಹೋಗ್ಬಹುದು, ರೆಫರೆನ್ಸ್ ಲೆಟರ್ ಈಗ್ಲೇ ಕೊಡ್ತೇನೆ, ಆದ್ರೆ ಇಷ್ಟು ಕಮ್ಮಿ ರಕ್ತ ಇಟ್ಕೊಂಡು ಆಗುಂಬೆ ಘಾಟಿ ಹತ್ತಿಸುದು ಬೇಡ, ಮೊದಲು ರಕ್ತ ಕೊಡುವ ಅಂದ್ರು. ಮನುಷ್ಯರಿಗಾದ ಹಾಗೆ ಬಾಟ್ಲಿಯಲ್ಲಿ ರೆಡಿ ರಕ್ತ ನಮಗೆಲ್ಲೂ ಸಿಗ್ಲಿಲ್ಲ, ನಾಯಿಯೇ ಬೇಕು, 25 ಕೆಜಿ ಮೇಲೆ ಇರ್ಬೇಕು, ಲಸಿಕೆ ಆಗಿರ್ಬೇಕು, ಉಣುಗಿನ ಜ್ವರ ಇಲ್ಲ ಅಂತ ಟೆಸ್ಟ್ ಮಾಡ್ಬೇಕು. ವಾಟ್ಸಾಪ್‌ನಲ್ಲಿ ಹಾಕಿದ್ದು, ಸುರತ್ಕಲ್‌ನ ಪರಿಚಯವೇ ಇಲ್ಲದ ಒಬ್ರು ಅವರ ಲ್ಯಾಬ್ರಡಾರ್ ಕರ್ಕೊಂಡು ಬಂದ್ರು. ಪೆಟ್ರೋಲ್‌ಗೂ ದುಡ್ಡು ತಗೊಳ್ಳಲಿಲ್ಲ. ಎರಡು ನಾಯಿಯ ರಕ್ತ ಸೇರಿಸಿ ಒಂದಕ್ಕೊಂದು ಹೊಂದ್ತದಾ ಅಂತ (ಕ್ರಾಸ್‌ಮ್ಯಾಚ್) ನೋಡಿ, ಮೊದಲು ನಿಧಾನ ಹನಿ ಹನಿ ಬಿಟ್ಟು, ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತು ಜ್ವರ, ಎದೆಬಡಿತ ಬರೀತಾ ಇದ್ರು ಮೇಡಂ. ಊಟಕ್ಕೆ ಏಳ್ಲಿಲ್ಲ.

ಈಗ ದೂರು. ಸಂಜೆ ಕ್ಲಿನಿಕ್ ಬಾಗಿಲು ಹಾಕ್ತಾರೆ, ನಾಯಿಯನ್ನು ಮನೆಗೇ ತರ್ಬೇಕು. ಆ ರಾತ್ರಿಯಷ್ಟು ಹೆದರಿಕೆ ನನಗೆ ಯಾವತ್ತೂ ಆಗ್ಲಿಲ್ಲ. ಒಂದು ಹಾಳೆಯಲ್ಲಿ ಬರ್ದು ಕೊಟ್ಟಿದ್ರು: ಮಲಗಿದಾಗ ನಿಮಿಷಕ್ಕೆ ಉಸಿರು 30 ದಾಟ್ತದಾ, ವಸಡಿನ ಬಣ್ಣ ಹೇಗುಂಟು, ಮೂತ್ರ ಎಷ್ಟು ಕಪ್ಪು. ಮಧ್ಯರಾತ್ರಿ ಫೋನ್ ಮಾಡಿದ್ರೆ ಎತ್ತಿದ್ರು, ಅದು ಹೌದು, ಆದ್ರೆ ಒಬ್ರೇ ಡಾಕ್ಟ್ರು ಎಷ್ಟಂತ ಎತ್ತುದು? ಇಷ್ಟು ದೊಡ್ಡ ಊರಲ್ಲಿ ರಾತ್ರಿ ಸೀರಿಯಸ್ ನಾಯಿಯನ್ನು ಎಲ್ಲಿ ಇಡುದು ಅಂತ ಹುಡುಕಿ ನಾವು ಸೋತಿದ್ದೇವೆ. ಆಚೆಮನೆ ಅಕ್ಕ ಪಾಪ ಒಳ್ಳೆ ಮನಸ್ಸಿಂದಲೇ "ಒಂದು ಪ್ಯಾರಸಿಟಮಾಲ್ ಹಾಕಿ" ಅಂತ ಬಂದ್ರು. ಬೇಡ ಅಕ್ಕ ಅಂತ ಕೈ ಮುಗಿದೆ. ಮನುಷ್ಯರ ಜ್ವರದ, ನೋವಿನ ಮಾತ್ರೆ ನಾಯಿಯ ಲಿವರ್, ಹೊಟ್ಟೆ, ಕಿಡ್ನಿ ಹಾಳು ಮಾಡ್ತದೆ ಅಂತ ಅದೇ ಹಾಳೆಯ ಅಡಿಯಲ್ಲಿ ಕೆಂಪು ಪೆನ್ನಲ್ಲಿ ಬರ್ದಿತ್ತು.

ಪಿಸಿಆರ್ ಬಂತು, ಗಿಬ್ಸೋನಿ ಪಾಸಿಟಿವ್, ಇಲಿ ಜ್ವರ ನೆಗೆಟಿವ್. ಮದ್ದು ಅಟೊವಕ್ವೋನ್ ಮತ್ತೆ ಅಜಿತ್ರೋಮೈಸಿನ್, 10 ದಿನ. ಅಟೊವಕ್ವೋನ್ ದಿನಕ್ಕೆ ಮೂರು ಸಲ, ಅದೂ ಜಿಡ್ಡಿನ ಊಟದೊಟ್ಟಿಗೆ ಕೊಟ್ರೇ ಮೈಗೆ ಹಿಡಿಯುದು, ಕೋಳಿ ಚರ್ಮ ಬೇಯಿಸಿ ಅದ್ರೊಳಗೆ ಮದ್ದು ಹಾಕಿ ಕೊಟ್ಟೆವು. ರೇಟ್ ಕೇಳಿದ್ರೆ ತಲೆ ತಿರುಗ್ತದೆ, ಸುಲಭದಲ್ಲಿ ಸಿಗುದೂ ಇಲ್ಲ. ಮೆಡಿಕಲ್‌ನವ್ರು ಅಟೊವಕ್ವೋನ್ ಜೊತೆಗೆ ಪ್ರೊಗ್ವಾನಿಲ್ ಅನ್ನುವ ಇನ್ನೊಂದು ಮದ್ದೂ ಇರುವ ಮಲೇರಿಯಾ ಮಾತ್ರೆ ಉಂಟು, ಆಗ್ತದಾ ಕೇಳಿದ್ರು. ಮೇಡಂಗೆ ಫೋನ್ ಮಾಡಿದ್ರೆ ಅದ್ರಲ್ಲಿ ನಾಯಿಗೆ ವಾಂತಿ ಜಾಸ್ತಿ, ಬರೀ ಅಟೊವಕ್ವೋನ್ ತರಿಸುವ ಅಂದ್ರು. ಎಲ್ಲ ಸೇರಿ ಖರ್ಚು 40,000 ಆಚೆ ಈಚೆ. ಪ್ರತಿ ಹಂತಕ್ಕೂ ಮೊದಲೇ ಇಷ್ಟಾಗ್ತದೆ, ಮಾಡುದಾ ಬೇಡ್ವಾ ಅಂತ ಕೇಳಿಯೇ ಮುಂದೆ ಹೋದದ್ದು. "ಪಾಪ ಇನ್ನು ಹಿಂಸೆ ಕೊಡುದು ಬೇಡ" ಅಂತ ಅಮ್ಮ ಅತ್ತಾಗ ಅವ್ರನ್ನೂ ಕೂರಿಸಿ, ಯಾವ ಲಕ್ಷಣ ಕಂಡ್ರೆ ನಿಲ್ಲಿಸುವ ಅಂತ ಬಿಡಿಸಿ ಹೇಳಿದ್ರು, ಜಾಸ್ತಿ ಭರವಸೆಯೂ ಕೊಡ್ಲಿಲ್ಲ.

ಈಗ ಪಿಸಿವಿ 36. ಪೂರ್ತಿ ಗುಣ ಅಂತ ಈಗ್ಲೂ ಹೇಳುದಿಲ್ಲ ಅವ್ರು, ಗಿಬ್ಸೋನಿ ಒಳಗೇ ಅಡಗಿ ಕೂರ್ತದೆ, ಎರಡು ತಿಂಗಳು ಕಳ್ದು ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ಪಿಸಿಆರ್ ಮಾಡ್ಬೇಕು. ಮೊದಲ್ನೇದು ನೆಗೆಟಿವ್ ಬಂತು, ಇನ್ನೊಂದು ಬಾಕಿ ಉಂಟು. ಕಾಳು ಬೇರೆ ನಾಯಿಗೆ ಇನ್ನು ರಕ್ತ ಕೊಡುವ ಹಾಗಿಲ್ಲ.

ಹೋಗುವವ್ರಿಗೆ: ಸೋಮವಾರ ಬೆಳಿಗ್ಗೆ ಜಾತ್ರೆ, ಬೇರೆ ದಿನ ಹೋಗಿ. ಪಾರ್ಕಿಂಗ್ ಇಲ್ಲ, ದೊಡ್ಡ ನಾಯಿ ಆದ್ರೆ ಮೆಟ್ಲು ಹತ್ತಿಸ್ಲಿಕ್ಕೆ ಒಬ್ಬರು ಜೊತೆಗೆ ಬೇಕು. ಹಳೆ ರಿಪೋರ್ಟ್ ಎಲ್ಲ ತಾರೀಕು ಪ್ರಕಾರ ಫೈಲ್ ಮಾಡಿ ತಗೊಂಡು ಹೋಗಿ, ಮೇಡಂ ಅದನ್ನು ನಿಜವಾಗಿಯೂ ಓದ್ತಾರೆ. ಯುಪಿಐ ಆಗ್ತದೆ.