ಅಮ್ಮನ ಕೆಮ್ಮು ಮತ್ತು ಬಸವನಗುಡಿಯ ಒಂದು ಕ್ಲಿನಿಕ್

ಅಮ್ಮನಿಗೆ 2 ತಿಂಗಳು ಒಣ ಕೆಮ್ಮು. ಕಫ ಇಲ್ಲ, ಜ್ವರ ಇಲ್ಲ, ಆದರೆ ಮಲಗಿದ ಕೂಡಲೇ ಗಂಟಲು ಕೆರೆತ ಶುರುವಾದರೆ ರಾತ್ರಿ ಎರಡು ಗಂಟೆಯಾದರೂ ನಿಲ್ಲುತ್ತಿರಲಿಲ್ಲ. ಧೂಳಿಗೆ ಇರಬೇಕು ಅಂದುಕೊಂಡು ಮೆಣಸಿನ ಕಷಾಯ, ದೊಡ್ಡಪತ್ರೆ ರಸ, ಶುಂಠಿ ಜೇನುತುಪ್ಪ ಎಲ್ಲಾ ಆಯಿತು. ಮೆಡಿಕಲ್ ಶಾಪಿನವರು ಒಂದಾದ ಮೇಲೊಂದು 3 ಬಾಟಲಿ ಸಿರಪ್ ಕೊಟ್ಟರು. ಅಮ್ಮ ಹಗಲೆಲ್ಲಾ ತೂಕಡಿಸಿದ್ದೇ ಬಂತು, ಕೆಮ್ಮು ಹಾಗೇ ಇತ್ತು.

ಪಕ್ಕದ ಮನೆಯವರು ಹೇಳಿದ್ದಕ್ಕೆ ಗಾಂಧಿ ಬಜಾರ್ ಹತ್ತಿರ ಇರುವ ಶ್ವಾಸಕೋಶದ ಡಾಕ್ಟರ ಚಿಕ್ಕ ಕ್ಲಿನಿಕ್‌ಗೆ ಹೋದೆವು. ಡಾಕ್ಟರು ಸ್ಟೆತಾಸ್ಕೋಪ್ ಮುಟ್ಟುವ ಮೊದಲೇ 10 ನಿಮಿಷ ಬರೀ ಕೇಳಿದರು. ಹುಳಿ ತೇಗು ಬರುತ್ತಾ, ಮೂಗಿನಿಂದ ಗಂಟಲಿಗೆ ಇಳಿಯುತ್ತಾ, ಉಸಿರಾಡುವಾಗ ಸುಯ್ ಅನ್ನುತ್ತಾ, ತೂಕ ಇಳಿದಿದೆಯಾ, ಕಫದಲ್ಲಿ ರಕ್ತ ಏನಾದರೂ ಕಂಡಿತಾ. ಬಹಳ ದಿನ ಎಳೆಯುವ ಕೆಮ್ಮಿಗೆ ಅಸಿಡಿಟಿ, ಮೂಗಿನ ಅಲರ್ಜಿ, ಆಸ್ತಮಾ ಈ ಮೂರೇ ಜಾಸ್ತಿ ಕಾರಣವಂತೆ. ಒಂದಕ್ಕೆ ಹೊಟ್ಟೆಯ ಮಾತ್ರೆ, ಇನ್ನೊಂದಕ್ಕೆ ಮೂಗಿನ ಸ್ಪ್ರೇ, ಮತ್ತೊಂದಕ್ಕೆ ಇನ್‌ಹೇಲರ್. ಹೀಗಿರುವಾಗ ಕಾರಣ ಗೊತ್ತಿಲ್ಲದೆ ಸಿರಪ್ ಕುಡಿದರೆ ಹೇಗೆ ವಾಸಿಯಾಗುತ್ತೆ? ಕೆಮ್ಮು 2 ವಾರ ದಾಟಿದರೆ ಟಿಬಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು ಅಂತ ಎಕ್ಸ್‌ರೇ ಕೂಡ ತೆಗೆಸಿದರು, ಏನೂ ಇರಲಿಲ್ಲ. (ಟಿಬಿಗೆ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ದುಡ್ಡಿಗೆ ಹೆದರಿ ಮುಂದೂಡಬೇಡಿ.)

ಆಮೇಲೆ ಕೇಳಿದರು, "ಅಮ್ಮ, ಬೇರೆ ಏನೇನು ಮಾತ್ರೆ ತಗೊಳ್ತೀರಿ?"

ಅಮ್ಮ ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಸ್ಟ್ರಿಪ್‌ಗಳ ಕಟ್ಟು ತೆಗೆದರು. ಬಿಪಿ ಮಾತ್ರೆಯದ್ದು ಕತ್ತರಿಸಿದ ಅರ್ಧ ಸ್ಟ್ರಿಪ್. ಹೆಸರೂ ಅರ್ಧವೇ ಉಳಿದಿತ್ತು. ಡಾಕ್ಟರು ಅದನ್ನು ಟ್ಯೂಬ್‌ಲೈಟ್ ಕಡೆ ಹಿಡಿದು ಓದಿ, "ಇದು ಯಾವಾಗಿಂದ?" ಅಂದರು. ಯುಗಾದಿ ಆದಮೇಲಿಂದ. ಕೆಮ್ಮು ಶುರುವಾಗಿದ್ದು ಅದಾಗಿ ಒಂದು ತಿಂಗಳಿಗೆ! ರಾಮಿಪ್ರಿಲ್, ಎನಾಲಾಪ್ರಿಲ್ ಥರದ ಬಿಪಿ ಮಾತ್ರೆಗಳು ಕೆಲವರಿಗೆ ಇಂಥ ಒಣ ಕೆಮ್ಮು ತರುತ್ತವಂತೆ, ಕೆಲವೊಮ್ಮೆ ಶುರು ಮಾಡಿ ತಿಂಗಳುಗಳಾದ ಮೇಲೆ. ನಮಗೆ ಯಾರೂ ಹೇಳಿರಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಮುಂದಿನದು. ತಾವೇ ಮಾತ್ರೆ ಬದಲಾಯಿಸಲಿಲ್ಲ. ನಮ್ಮ ಎದುರಿಗೇ ಅಮ್ಮನ ಬಿಪಿ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿ, ಅದರ ಬದಲು ಟೆಲ್ಮಿಸಾರ್ಟಾನ್ ಅನ್ನುವ ಬೇರೆ ಥರದ ಬಿಪಿ ಮಾತ್ರೆ ಬರೆದರು. ನೀವಾಗಿ ಬಿಪಿ ಮಾತ್ರೆ ನಿಲ್ಲಿಸಬೇಡಿ ಅಂತ ಎರಡು ಸಲ ಹೇಳಿದರು. ಸಿರಪ್ ಒಂದೂ ಬರೆಯಲಿಲ್ಲ. ಕೆಮ್ಮು ಪೂರ್ತಿ ಹೋಗಲು ತಿಂಗಳು ಹಿಡಿಯಬಹುದು ಅಂದಿದ್ದರು. ಮೂರನೇ ವಾರ ಒಂದು ರಾತ್ರಿ ನಾನೇ ಎದ್ದು ಅಮ್ಮನ ರೂಮಿನ ಬಾಗಿಲಲ್ಲಿ ನಿಂತು ಕೇಳಿದೆ. ಸದ್ದಿಲ್ಲ, ಒಳ್ಳೆ ನಿದ್ದೆ.

ಒಂದೇ ದೂರು. ಕ್ಲಿನಿಕ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಉಸಿರಾಟದ ತೊಂದರೆ ಇರುವವರು ಆ ಕಡಿದಾದ ಮೆಟ್ಟಿಲಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಳ್ಳುವುದನ್ನು ನೋಡಿದರೆ ಸಂಕಟ ಆಗುತ್ತೆ, ದಯವಿಟ್ಟು ಕೆಳಗೆ ಒಂದು ರೂಮು ಮಾಡಿ. ಸಂಜೆ ಒಂದು ಗಂಟೆಯಾದರೂ ಕಾಯಬೇಕು. ಹೋಗುವವರು ಮನೆಯಲ್ಲಿ ತಗೊಳ್ಳುವ ಮಾತ್ರೆಗಳ ಸ್ಟ್ರಿಪ್ ಎಲ್ಲಾ ತಗೊಂಡು ಹೋಗಿ, ಹೆಸರು ಇರುವ ಕಡೆ ಕತ್ತರಿಸಿರಬಾರದು ಅಷ್ಟೇ.